ಭಾವನ ಹಲ್ಲು, ಸೇತುವೆಯ ಸಿಂಹ

ಭಾವ ತೀರಿಹೋದರೆಂಬ ಸುದ್ದಿ ಬಂದ ಬೆಳಿಗ್ಗೆ ಅವನು ಭಾವನ ಹಲ್ಲುಗಳನ್ನೇ ಉಜ್ಜುತ್ತಿದ್ದ. ಉಜ್ಜುವುದಕ್ಕೆ ಅವುಗಳಲ್ಲಿ ಇನ್ನೇನೂ ಉಳಿದಿರಲಿಲ್ಲ. ಹಲ್ಲು ಕಟ್ಟುವ ಕಸುಬಿನಲ್ಲೇ ತಲೆ ನರೆತವನಿಗೆ ಅದು ಗೊತ್ತಿರದ ಸಂಗತಿಯಲ್ಲ. ಆದರೂ ಸೇತುವೆಯ ಮೇಲೆ ಆ ಜಗಳವಾದಂದಿನಿಂದ ಪ್ರತಿ ಬೆಳಿಗ್ಗೆ ದೇವರ ಮುಂದೆ ಕಣ್ಣು ಮುಚ್ಚಿ ಕೂತು ಎದ್ದ ಮೇಲೆ, ತಾನೇ ಭಾವನಿಗೆ ಕಟ್ಟಿಕೊಟ್ಟಿದ್ದ ಮೇಲಿನ ದವಡೆಯ ಆ ಪೂರಾ ಸೆಟ್ಟನ್ನು ನೀರಿನ ಬಟ್ಟಲಿನಿಂದ ತೆಗೆದು ಪಾಲಿಶ್ ಮಾಡುವ ಚಕ್ರಕ್ಕೆ ಹಿಡಿಯುತ್ತಿದ್ದ. ಇವತ್ತು ಬಂದು ಕೇಳುತ್ತಾರೆ, ಕೇಳಿದರೆ ಕೊಟ್ಟುಬಿಡುತ್ತೇನೆ, ಒಂದು ಮಾತೂ ಆಡುವುದಿಲ್ಲ ಎಂದುಕೊಳ್ಳುತ್ತ ಉಜ್ಜುತ್ತಿದ್ದ. ಫೋನಿನಲ್ಲಿ ಅಕ್ಕನ ಮಗಳು, "ಮಾಮ, ಅಪ್ಪ ಏಳ್ತಾ ಇಲ್ಲ," ಎಂದಳು. ಸ್ವಲ್ಪ ತಡೆದು, "ಇನ್ನು ಏಳಲ್ಲ," ಎಂದಳು. ಚಕ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಅವನ ಅಂಗೈಯಲ್ಲಿ ಭಾವ ನಗುತ್ತಿದ್ದರು.

ಅವಸರದಲ್ಲಿ ಸೆಟ್ಟನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಓಡಿದ. ಹೋದ ತಕ್ಷಣ ಕೊಟ್ಟುಬಿಡಬೇಕೆಂದೇ ಹೊರಟಿದ್ದ. ಆದರೆ ಬಾಗಿಲಲ್ಲೇ ಅಕ್ಕ, "ಬಂದೆಯಾ? ಇವರ ಹಲ್ಲು ಕಾಣಿಸ್ತಿಲ್ಲ ಕಣೋ, ಹುಡುಕು," ಎಂದಳು. ಅಳುವ ದನಿಯಲ್ಲಲ್ಲ, ಕನ್ನಡಕ ಕಾಣುತ್ತಿಲ್ಲ ಎನ್ನುವಂತೆ. ನೋಡಲು ಜನ ಬರುವ ಮುಂಚೆ ಗಂಡನ ಬಾಯಿಗೆ ಹಲ್ಲು ಹಾಕಬೇಕು. ಹಲ್ಲಿಲ್ಲದೆ ಅವರು ಮಗಳ ಮುಂದೆ ಕೂಡ ಬಾಯಿ ತೆರೆದವರಲ್ಲ. ಹುಡುಕು ಎಂದದ್ದೇ ತಡ, ಅವನು ಮಂಡಿಯೂರಿ ಮಂಚದ ಕೆಳಗೆ ತಲೆ ತೂರಿಸಿಬಿಟ್ಟ. ಏಕೆ ಹಾಗೆ ಮಾಡಿದೆನೆಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಹೊಳೆಯಲಿಲ್ಲ. ಒಮ್ಮೆ ಹುಡುಕಲು ತೊಡಗಿದ ವಸ್ತುವನ್ನು ತನ್ನ ಜೇಬಿನಿಂದಲೇ ತೆಗೆಯುವುದು ಹೇಗೆ? ಇಲ್ಲೇ ಎಲ್ಲೋ ಸಿಕ್ಕಿತೆಂದು ಹೇಳಿದರಾಯಿತೆಂದು ಮಂಚದ ಕೆಳಗಿನ ಕತ್ತಲೆಯಲ್ಲಿ ಜೇಬಿಗೆ ಕೈ ಹಾಕಿದ. ಆ ಕಡೆಯಿಂದ ಟಾರ್ಚಿನ ಬೆಳಕು ಮುಖಕ್ಕೆ ಬಿತ್ತು. "ಅಲ್ಲಿ ನಾನು ಆಗಲೇ ನೋಡಿದೀನಿ ಮಾಮ," ಎಂದಳು ಅಕ್ಕನ ಮಗಳು. ಎದ್ದು ಬಚ್ಚಲಿಗೆ ಹೋದ. ಕನ್ನಡಿಯ ಹಿಂದೆ ಅಕ್ಕನ ಅಳಿಯ ಇಣುಕುತ್ತಿದ್ದ. ಅಡುಗೆಮನೆಯ ಡಬ್ಬಿಗಳ ಬಳಿ ಪಕ್ಕದ ಮನೆಯಾಕೆ. ಸತ್ತವರ ಮನೆಯಲ್ಲಿ ಹಲ್ಲು ಸಿಕ್ಕುವುದಕ್ಕೆ ಒಂದೇ ಒಂದು ಮೂಲೆಯನ್ನೂ ಆ ಪುಣ್ಯಾತ್ಮರು ಬಿಟ್ಟಿರಲಿಲ್ಲ. ಅವನು ಬಗ್ಗಿದಾಗಲೆಲ್ಲ ಸೆಟ್ಟು ಎದೆಗೆ ಒತ್ತಿ, ಭಾವ ಮೆಲ್ಲಗೆ ಕಚ್ಚಿದ ಹಾಗಾಗುತ್ತಿತ್ತು. ಕಡೆಗೆ ಅಕ್ಕ ಹೊದಿಕೆಯನ್ನು ಗಂಡನ ಮೂಗಿನ ತನಕ ಎಳೆದಳು. ಬಂದವರೆಲ್ಲ, ಪಾಪ, ಚಳಿಯೇನೋ ಎನ್ನುವಂತೆ ನೋಡಿ ಹೋದರು. ಬಾಯಿ ಮುಚ್ಚಿಕೊಂಡೇ ಭಾವ ಮನೆಯಿಂದ ಹೊರಟರು.

ಅವತ್ತಿನಿಂದ ಅವನಿಗೆ ಪ್ರಾರ್ಥನೆ ಮಾಡಲು ಆಗುತ್ತಿರಲಿಲ್ಲ. ಚಿಕ್ಕಂದಿನಿಂದ ಬಿಡದೆ ಬಂದ ಅಭ್ಯಾಸ ಅದು. ಜ್ವರದಲ್ಲೂ ಮದುವೆಯ ಬೆಳಿಗ್ಗೆಯೂ ತಪ್ಪಿರಲಿಲ್ಲ. ಈಗ ಕಣ್ಣು ಮುಚ್ಚಿದರೆ ಸಾಕು, ದೊಡ್ಡದೊಂದು ಬಾಗಿಲು, ಬಾಗಿಲ ಮುಂದೆ ಉದ್ದನೆಯ ಸಾಲು, ಸಾಲಿನಲ್ಲಿ ಭಾವ. ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ. ಬಾಗಿಲು ಕಾಯುವವನು, "ಬಾಯಲ್ಲಿ ಏನಿಟ್ಟುಕೊಂಡಿದೀರಿ? ಕೈ ತೆಗೀರಿ," ಎನ್ನುತ್ತಾನೆ. ಭಾವ ಇಲ್ಲವೆಂದು ತಲೆಯಾಡಿಸುತ್ತಾರೆ. ಹಿಂದಿನವರು, "ಏನ್ರೀ ನಿಮ್ಮದು, ನಮಗೂ ಹೊತ್ತಾಗ್ತಿದೆ," ಎಂದು ಗೊಣಗುತ್ತಾರೆ. ಭಾವ ಮಾತ್ರ ಕೈ ತೆಗೆಯುವುದಿಲ್ಲ. ಏನೋ ಕದ್ದು ತಂದಿದ್ದಾರೆಂದು ಭಗವಂತನೇ ತಿಳಿದುಕೊಂಡರೆ? ಎಲ್ಲ ಬಲ್ಲವನಿಗೆ ಇದು ತಿಳಿಯದೇ ಎಂದು ಅವನ ಬುದ್ಧಿ ಹೇಳುತ್ತಿತ್ತು. ಬುದ್ಧಿಯ ಮಾತು ಆ ಸಾಲಿನ ತನಕ ಮುಟ್ಟುತ್ತಿರಲಿಲ್ಲ. ಅವನು ಕಣ್ಣು ತೆರೆದು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. ಈಗೀಗ ಸೆಟ್ಟನ್ನು ಬಟ್ಟಲಿನಲ್ಲಿ ಬಿಟ್ಟುಹೋಗಲೂ ಮನಸ್ಸಾಗುತ್ತಿರಲಿಲ್ಲ.

ಹೀಗಿರುವಾಗ ಅಕ್ಕ ಒಂದು ದಿನ ಅವನ ಅಂಗಡಿಗೇ ಬಂದಳು. ಪ್ಲಾಸ್ಟರಿನ ಅಚ್ಚುಗಳ ನಡುವೆ ಸ್ಟೂಲಿನ ಮೇಲೆ ಕೂತು, ಸುತ್ತಲಿನ ದವಡೆಗಳನ್ನೆಲ್ಲ ನೆಂಟರನ್ನು ನೋಡುವಂತೆ ಒಮ್ಮೆ ನೋಡಿ, "ನನ್ನನ್ನ ಆ ಸೇತುವೆಗೆ ಕರ್ಕೊಂಡು ಹೋಗು," ಎಂದಳು.

"ಇಷ್ಟು ವರ್ಷ ಹೋಗದವಳು ಈಗ ಯಾಕಕ್ಕಾ?"

"ಇಷ್ಟು ವರ್ಷ ಅದೇ ಮನೆಗೆ ಬರ್ತಿತ್ತು. ಬೆಳಿಗ್ಗೆ ಎದ್ದರೆ ಇವರು ಅಲ್ಲಿ ಜನಕ್ಕೆ ಹೇಳೋದನ್ನೆಲ್ಲ ನನ್ನ ಮುಂದೆ ನಿಂತು ಒಪ್ಪಿಸೋರು. ನೀರು ಕಾಯಿಸೋ ಪಾತ್ರೇನೇ ಸಿಂಹ, ಒಗೆಯೋ ಕಲ್ಲೇ ಕಮಾನು. ಈಗ ಬರಲ್ಲವಲ್ಲ. ನಾವೇ ಹೋಗ್ಬೇಕು."

ಭಾವ ಆ ಹಳೆಯ ಕಲ್ಲಿನ ಸೇತುವೆಯನ್ನು ಪ್ರವಾಸಿಗಳಿಗೆ ತೋರಿಸುವ ಗೈಡ್ ಆಗಿದ್ದರು. ಸಣ್ಣದೊಂದು ಕೆಂಪು ಬಾವುಟ ಎತ್ತಿ ಹಿಡಿದು ಮುಂದೆ ನಡೆದರೆ ಹಿಂದೆ ಜನ ಬಾತುಕೋಳಿಗಳ ಹಾಗೆ ಸಾಲಾಗಿ ನಡೆಯುತ್ತಿದ್ದರು. ಕಮಾನುಗಳು, ಗಾಡಿಯ ಚಕ್ರಗಳು ಸವೆಸಿದ ಹಾದಿ, ಪ್ರವಾಹದ ಗುರುತುಗಳು, ಎಲ್ಲ ಮುಗಿದ ಮೇಲೆ ಸೇತುವೆಯ ನಡುಮಧ್ಯದಲ್ಲಿ ಗೋಡೆಗೆ ಒರಗಿ ಕೂತ ಕಲ್ಲಿನ ಸಿಂಹ. ನಾಯಿಯಷ್ಟೇ ಎತ್ತರ, ಬಡಕಲು, ಬಾಯಿ ಅಗಲವಾಗಿ ತೆರೆದಿದೆ. ಮಳೆ ಬಂದರೆ ಹಾದಿಯ ನೀರು ಅದರ ಬಾಯಿಗೆ ಹೋಗಿ ಬೆನ್ನ ಹಿಂದಿನ ತೂಬಿನಿಂದ ನದಿಗೆ ಬೀಳಬೇಕು. ಕಟ್ಟಿದವರ ಉಪಾಯ ಅದು. ಭಾವನಿಗೆ ಉಪಾಯದಲ್ಲಿ ಆಸಕ್ತಿ ಇರಲಿಲ್ಲ. ಈ ಸಿಂಹ ನಗುತ್ತಿದೆ ಎನ್ನುವುದೇ ಅವರ ಸಿದ್ಧಾಂತ. ಏಕೆ ನಗುತ್ತಿದೆ ಎನ್ನುವುದಕ್ಕೆ ದಿನಕ್ಕೊಂದು ಕಾರಣ: ಸೇತುವೆ ಗಟ್ಟಿಯಾಗಿದೆಯೋ ನೋಡಲು ಬಂದ ಅಧಿಕಾರಿ ಗಟ್ಟಿಯಾಗಿದೆ ಎಂದು ಸಹಿ ಮಾಡಿ ಕಾಲು ಜಾರಿ ನೀರಿಗೆ ಬಿದ್ದನಂತೆ, ಅದಕ್ಕೆ; ಇನ್ನೊಂದು ದಿನ, ಹೊಟ್ಟೆಯೊಳಗೆ ಮೀನೊಂದು ಕಚಗುಳಿ ಇಡುತ್ತಿದೆಯಂತೆ, ಅದಕ್ಕೆ. ಒಂದು ಕಾರಣವನ್ನು ಎರಡು ದಿನ ಹೇಳಿದರೆ ಸಿಂಹಕ್ಕೆ ಬೇಜಾರಾಗುತ್ತದೆ ಎನ್ನುತ್ತಿದ್ದರು. ಹಲ್ಲು ಹೋದಾಗ ಆ ನಗುವಿನ ಕತೆ ಹೇಳುವುದಕ್ಕೆ ಬಾಯಿಲ್ಲದೆ ಅವನ ಅಂಗಡಿಗೆ ಬಂದು, "ದವಡೆರಾಯ, ಮುಂದಿನ ಹಲ್ಲು ಒಂದು ಚೂರು ಸೊಟ್ಟಗಿರಲಿ. ತೀರಾ ಸರಿಯಾಗಿದ್ರೆ ನಾನು ಹೇಳೋದನ್ನ ಯಾರೂ ನಂಬಲ್ಲ," ಎಂದು ಕಟ್ಟಿಸಿಕೊಂಡು ಹೋಗಿದ್ದರು. ದವಡೆರಾಯ ಅವನಿಗೆ ಭಾವ ಇಟ್ಟ ಹೆಸರು. ಆ ಸೊಟ್ಟ ಹಲ್ಲನ್ನು ಕೂಡಿಸಲು ಅವನಿಗೆ ಉಳಿದೆಲ್ಲ ಹಲ್ಲುಗಳಿಗಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡು ಕೂತ. "ಎದೆ ನೋವಾ?" ಎಂದಳು. "ಇಲ್ಲ." "ಮತ್ತೆ ಪ್ರಮಾಣ ಮಾಡೋರ ಹಾಗೆ ಎದೆ ಮುಟ್ಕೊಂಡು ಕೂತಿದೀಯಲ್ಲ." ಅವನು ಕೈ ತೆಗೆದ. ಬಸ್ಸು ತಿರುವಿನಲ್ಲಿ ವಾಲಿತು, ಹಲ್ಲು ಮತ್ತೆ ಕಚ್ಚಿತು. ಜಗಳವಾದ ಆ ದಿನವೂ ಹೀಗೇ ಬಸ್ಸಿನಲ್ಲೇ ಬಂದಿದ್ದ. ರಜಾದಿನಗಳಲ್ಲಿ ಭಾವನ ಕೆಲಸ ಮುಗಿಯುವ ಹೊತ್ತಿಗೆ ಹೋಗಿ, ಇಬ್ಬರೂ ಗೋಡೆಯ ಮೇಲೆ ಕೂತು ಒಂದಿಷ್ಟು ಹರಟಿ ಬರುವುದು ವಾಡಿಕೆ. ಅವತ್ತು ಗಿರಾಕಿಯೊಬ್ಬಾಕೆ ಹೊಸ ಸೆಟ್ಟನ್ನು ಮೇಜಿನ ಮೇಲೆ ಇಟ್ಟು, "ಇದು ನಾನು ಮಾತಾಡೋಕೆ ಮುಂಚೇನೇ ಮಾತಾಡತ್ತೆ," ಎಂದು ನಾಲ್ಕು ಜನರ ಮುಂದೆ ಹೇಳಿ ಹೋಗಿದ್ದಳು. ಆ ಮಾತು ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಸೇತುವೆಯ ಮೇಲೆ ಭಾವನ ಸುತ್ತ ಗುಂಪು ಸೇರಿತ್ತು. ಇವನನ್ನು ಕಂಡದ್ದೇ ಭಾವನಿಗೆ ಆ ದಿನದ ಕಾರಣ ಸಿಕ್ಕಿಬಿಟ್ಟಿತು. "ನೋಡಿ, ಬರ್ತಿದಾನಲ್ಲ, ಇವನೇ ನನ್ನ ಹಲ್ಲು ಕಟ್ಟಿದವನು, ನನ್ನ ಮೈದುನ. ಇವನ ಕೆಲಸ ನೋಡಿಯೇ ಈ ಸಿಂಹ ನಗ್ತಿರೋದು!" ಗುಂಪು ನಕ್ಕಿತು. ಬೇರೆ ದಿನವಾಗಿದ್ದರೆ ಅವನೂ ನಗುತ್ತಿದ್ದ. ಅವತ್ತು ಮಾತ್ರ ಕಿವಿ ಬಿಸಿಯಾಗಿ, "ನಗುವೂ ಇಲ್ಲ ಮಣ್ಣೂ ಇಲ್ಲ. ಅದಕ್ಕೆ ಹಲ್ಲುನೋವು. ಕಸುಬು ಗೊತ್ತಿದ್ದವನು ಹೇಳ್ತಿದೀನಿ, ದವಡೆ ನೋಡಿದ್ರೇ ಗೊತ್ತಾಗತ್ತೆ. ಇಷ್ಟು ವರ್ಷದಿಂದ ಇವರು ನಿಮಗೆಲ್ಲ ಸುಳ್ಳು ಹೇಳ್ತಿದಾರೆ," ಎಂದುಬಿಟ್ಟ. ಗುಂಪು ಇನ್ನೂ ಜೋರಾಗಿ ನಕ್ಕಿತು. ಸಿಂಹದ ಕೆನ್ನೆ ಸವರಿ, "ಅಯ್ಯೋ ಪಾಪ" ಎಂದಿತು. ಭಾವನ ಕೈಯ ಬಾವುಟ ಇಳಿಯಿತು. ಅವರು ಬೆನ್ನು ತಿರುಗಿಸಿ, ಕರವಸ್ತ್ರದಲ್ಲಿ ಸೆಟ್ಟನ್ನು ತೆಗೆದು ಅವನ ಅಂಗೈಗೆ ಒತ್ತಿ, ಇನ್ನೊಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಬಾವುಟವನ್ನು ಕಂಕುಳಲ್ಲಿ ಇರುಕಿಕೊಂಡು ನಡೆದುಹೋದರು. ಗುಂಪಿನಲ್ಲಿ ಕೆಲವರು ಬಾವುಟವನ್ನು ನೋಡಿ ಅಭ್ಯಾಸಬಲದಿಂದ ಸ್ವಲ್ಪ ದೂರ ಹಿಂದೆ ಹೋದರು.

ಆಮೇಲೆ ಅವರು ಬಂದು ಕೇಳಲಿ ಎಂದು ಇವನು ಕಾದ. ಇವನು ತಂದು ಕೊಡಲಿ ಎಂದು ಅವರು ಕಾದಿರಬೇಕು. ಅಕ್ಕನ ಮಗಳು ಫೋನು ಮಾಡಿ, "ಅಪ್ಪ ಸನ್ನೆಯಲ್ಲೇ ಮಾತಾಡ್ತಾರೆ ಮಾಮ, ಹಾಲಲ್ಲಿ ನೆನೆಸಿದ ಬ್ರೆಡ್ಡು ಬಿಟ್ಟರೆ ಏನೂ ತಿನ್ನಲ್ಲ, ಹಲ್ಲೆಲ್ಲಿ ಅಂದ್ರೆ ಮನೇಲೇ ಎಲ್ಲೋ ಇದೆ ಅನ್ನೋ ಹಾಗೆ ಕೈ ಆಡಿಸ್ತಾರೆ," ಎಂದಾಗಲೂ ಇವನ ಕಾಲು ಏಳಲಿಲ್ಲ. ಇವನ ಮಾನ ಉಳಿಸಲಿಕ್ಕೆ ಅವರು ಹಾಗೆ ಕೈ ಆಡಿಸಿದ್ದೆಂದು ತಿಳಿಯುವ ಹೊತ್ತಿಗೆ ಅವರ ಎದೆಬಡಿತ ನಿದ್ದೆಯಲ್ಲೇ ನಿಂತುಹೋಗಿತ್ತು.

"ಇಳಿ, ಬಂತು," ಎಂದಳು ಅಕ್ಕ, ದಿನವೂ ಬರುವವಳ ಹಾಗೆ.

ಸೇತುವೆಯ ಮೇಲೆ ಬಿಸಿಲು ಹಿತವಾಗಿತ್ತು. ಕೆಳಗೆ ನದಿ ಊರಿನ ಬಾಟಲಿಗಳನ್ನೂ ಚಪ್ಪಲಿಗಳನ್ನೂ ಹೊತ್ತುಕೊಂಡು ಹೋಗುತ್ತಿತ್ತು. ಅಕ್ಕ ಪ್ರತಿ ಕಲ್ಲನ್ನೂ ಮುಟ್ಟಿ, "ಇದು ಪ್ರವಾಹದ ಗುರುತು. ಇಲ್ಲಿ ಅವರು ಕೆಮ್ಮೋರು, ಹಿಂದಿನವರು ಬಂದು ಸೇರ್ಕೊಳ್ಳಲಿ ಅಂತ," ಎನ್ನುತ್ತ ನಡೆದಳು. ಸಿಂಹದ ಹತ್ತಿರ ಬಂದರೆ ಅಲ್ಲೊಂದು ಸಾಲು. ಒಬ್ಬೊಬ್ಬರೇ ಬಗ್ಗಿ ಸಿಂಹದ ಬಾಯಿಗೆ ಬೆರಳಿಡುತ್ತಾರೆ, ಎದ್ದು ಕೆನ್ನೆ ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಹಳದಿ ಕೊಡೆಯನ್ನು ಎತ್ತಿ ಹಿಡಿದ ಹುಡುಗಿಯೊಬ್ಬಳು, ಹೊಸ ಗೈಡ್, ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದಳು: "ಇದೇ ಹೆಸರಾಂತ ಹಲ್ಲುನೋವಿನ ಸಿಂಹ. ಇದರ ಬಾಯಿಗೆ ಬೆರಳಿಟ್ಟು ಬೇಡಿಕೊಂಡ್ರೆ ಹಲ್ಲುನೋವು ಹತ್ತಿರ ಸುಳಿಯಲ್ಲ ಅನ್ನೋದು ಬಹಳ ಹಿಂದಿನಿಂದ ಬಂದ ನಂಬಿಕೆ."

ಅವನಿಗೆ ಸೇತುವೆಯೇ ಒಂದಿಷ್ಟು ಅಲುಗಿದಂತಾಯಿತು. "ಯಾರಮ್ಮಾ ಹೇಳಿದ್ದು?" ಎಂದ.

"ಹಿರಿಯರು ಹೇಳ್ಕೊಂಡು ಬಂದದ್ದು ತಾತ."

"ಯಾವ ಹಿರಿಯರು?"

"ಹೆಸರು ಸಿಕ್ಕಿಲ್ಲ. ತುಂಬ ಹಳೇ ಕಾಲದವರು."

ತುಂಬ ಹಳೆಯ ಕಾಲದವನು ಜೇಬು ಮುಟ್ಟಿ ನೋಡಿಕೊಂಡ. ಒಂದು ದಿನದ ಸಿಟ್ಟು ನಂಬಿಕೆಯಾಗಿ ಸಾಲು ಕಟ್ಟಿ ನಿಂತಿತ್ತು. ಒಂದು ಆಯುಷ್ಯದ ನಗು ಅಷ್ಟು ಬೇಗ ಅಳಿಸಿಹೋಗಿತ್ತು. ಅಕ್ಕ ಸಿಂಹವನ್ನೇ ನೋಡುತ್ತಿದ್ದಳು. ಅವಳು ಇಲ್ಲಿಗೆ ಬಂದದ್ದು ಆ ನಗುವನ್ನು ನೋಡಲಿಕ್ಕೆ. ಗಂಡನದೆಂದು ಅವಳಿಗೆ ಉಳಿದದ್ದು ಅದೊಂದೇ. ಅವಳು ಅವನ ಕಡೆ ತಿರುಗಿ, ಮೆಲ್ಲಗೆ, ಶಾಲೆಯಲ್ಲಿ ಲೆಕ್ಕ ತಪ್ಪಿದ ಮಗುವಿನ ಹಾಗೆ, "ನಗ್ತಿದೆ ಅಂತಲ್ವೇನೋ ಇವರು ಹೇಳ್ತಿದ್ದದ್ದು?" ಎಂದಳು.

"ನಗ್ತಿದೆ," ಎಂದ ಅವನು. ಮತ್ತೆ ಕೊಡೆಯ ಹುಡುಗಿಗೆ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಅದು ನಗ್ತಿದೆ!" ಎಂದ.

"ನೋಡಿದ್ರೆ ಹಾಗನ್ನಿಸಲ್ಲವಲ್ಲ ತಾತ," ಎಂದಳು ಹುಡುಗಿ, ನಯವಾಗಿಯೇ.

ನಿಜ, ಹಾಗನ್ನಿಸುತ್ತಿರಲಿಲ್ಲ. ಅವನು ಸಾಲಿನ ಕೊನೆಗೆ ಹೋಗಿ ನಿಂತ. ನುಗ್ಗುವುದು ಅವನ ಸ್ವಭಾವದಲ್ಲಿರಲಿಲ್ಲ. ಮುಂದಿದ್ದ ದಪ್ಪ ಆಸಾಮಿ ಕರುಣೆಯಿಂದ, "ನಿಮಗೂ ಹಲ್ಲುನೋವಾ ಯಜಮಾನರೇ?" ಎಂದ. "ಇಲ್ಲ ಸ್ವಾಮಿ, ನನ್ನ ಹತ್ತಿರ ಹಲ್ಲು ಹೆಚ್ಚಾಗಿದೆ," ಎಂದ ಅವನು. ಆಸಾಮಿ ಹಲ್ಲುಗಳನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಳ್ಳುತ್ತ ಒಂದು ಹೆಜ್ಜೆ ಸರಿದು ನಿಂತ. ಸರದಿ ಬಂದಾಗ ಅವನು ಮಂಡಿಯೂರಿದ. ಮಂಚದ ಕೆಳಗೆ ಊರಿದ ಅದೇ ಮಂಡಿ, ಅದೇ ನೋವು. ಎಷ್ಟೋ ವರ್ಷಗಳಿಂದ ಕಂಡಿದ್ದರೂ ಭಾವನಿಗೆ ಹೇಳದೆ ಉಳಿದ ಒಂದು ಸಂಗತಿ ಈಗ ಕಣ್ಣೆದುರಿಗಿತ್ತು: ಅದು ಸಿಂಹದ ದವಡೆಯೇ ಅಲ್ಲ, ಮನುಷ್ಯನ ದವಡೆ. ಕೆತ್ತಿದವನು ಸಿಂಹವನ್ನು ಯಾವ ಜನ್ಮದಲ್ಲಿ ಕಂಡಿದ್ದ? ಕನ್ನಡಿಯಲ್ಲಿ ತನ್ನ ಬಾಯಿಯನ್ನೇ ತೆರೆದು ನೋಡಿಕೊಂಡು ಕೆತ್ತಿದ್ದಾನೆ. ಮೇಲಿನ ಹಲ್ಲುಗಳ ಸಾಲು ಮಾತ್ರ ಮಳೆಗೆ ಸವೆದು ನುಣ್ಣನೆಯ ಒಸಡಷ್ಟೇ ಉಳಿದಿದೆ. ಅವನು ಜೇಬಿನ ಮೂಲೆಯಿಂದ ಮೇಣದ ಚೂರು ತೆಗೆದ. ಹಲ್ಲು ಕಟ್ಟುವವನ ಜೇಬಿನಲ್ಲಿ ಬೇರೇನಿಲ್ಲದಿದ್ದರೂ ಮೇಣ ಇರುತ್ತದೆ. ಬೆರಳಲ್ಲಿ ತಿಕ್ಕಿ ಮೆತ್ತಗೆ ಮಾಡಿ, ಸೆಟ್ಟಿಗೆ ಹಚ್ಚಿ, ಕಲ್ಲಿನ ಒಸಡಿಗೆ ಒತ್ತಿ ಹಿಡಿದ. "ಕಚ್ಚಿ," ಎಂದ, ಅಭ್ಯಾಸಬಲದಿಂದ. ಕೈ ಬಿಟ್ಟು ಹಿಂದೆ ಸರಿದ.

ಸಿಂಹ ನಗುತ್ತಿತ್ತು. ಸುಮ್ಮನೆ ನಗುವುದಲ್ಲ, ಅಧಿಕಾರಿಯೊಬ್ಬ ಈಗಷ್ಟೇ ಅದರ ಕಣ್ಣ ಮುಂದೆ ನೀರಿಗೆ ಬಿದ್ದ ಹಾಗೆ ನಗುತ್ತಿತ್ತು. ಮುಂದಿನ ಸೊಟ್ಟ ಹಲ್ಲು ಬಿಸಿಲಿಗೆ ಹೊಳೆಯಿತು. ಮೊದಲು ದಪ್ಪ ಆಸಾಮಿ ನಕ್ಕ, ಆಮೇಲೆ ಹುಡುಗಿಯ ಹಳದಿ ಕೊಡೆ ಕುಲುಕತೊಡಗಿತು, ಆಮೇಲೆ ಎಲ್ಲರೂ. ಅಷ್ಟರಲ್ಲಿ ಸೀಟಿ ಊದುತ್ತ ಕಾವಲುಗಾರ ಓಡಿಬಂದ. "ಏಯ್, ಏನದು? ಬೋರ್ಡ್ ಓದಿಲ್ವಾ? ಕಲ್ಲು ಕೀಳಬಾರದು, ಹೆಸರು ಕೆತ್ತಬಾರದು..." ಬೋರ್ಡಿನ ಕಡೆ ನೋಡಿದ. ಹಲ್ಲು ಕಟ್ಟಬಾರದೆಂದು ಅಲ್ಲಿ ಬರೆದಿರಲಿಲ್ಲ. "ಅದೆಲ್ಲ ಗೊತ್ತಿಲ್ಲ, ತೆಗೀರಿ ಅದನ್ನ," ಎಂದವನೇ ತಾನೇ ಬಗ್ಗಿ ಬಾಯೊಳಗೆ ಕೈ ಹಾಕಿದ. ಮೇಣ ಬಿಟ್ಟಿತು. ಸೆಟ್ಟು ನಾಲಿಗೆಯ ಮೇಲೆ ಟಣ್ಣೆಂದು ಬಿದ್ದು, ಗಂಟಲಿಗೆ ಜಾರಿ, ತೂಬಿನೊಳಗೆ ಗಡಗಡ ಸದ್ದು ಮಾಡುತ್ತ ಹೋಗಿ, ಒಂದು ಕ್ಷಣ ಏನೂ ಕೇಳಿಸಲಿಲ್ಲ. ಆಮೇಲೆ ಕೆಳಗೆ, ಬಹಳ ಕೆಳಗೆ, ಬುಳುಕ್.

ಕಾವಲುಗಾರ ಗೋಡೆಯ ಮೇಲಿಂದ ಬಗ್ಗಿ ನೋಡಿದ. ಅವನ ಮುಖ ಬಿಳಚಿಕೊಂಡಿತ್ತು. "ಯಾರದ್ದು ಹಲ್ಲು?"

"ಸಿಂಹದ್ದು," ಎಂದಳು ಅಕ್ಕ.

ಕಾವಲುಗಾರ ಅವಳನ್ನು ನೋಡಿದ, ಸಿಂಹವನ್ನು ನೋಡಿದ, ಇದು ತನ್ನ ಕೆಲಸದ ಮೇರೆ ಮೀರಿದ ವಿಷಯವೆಂದು ತೀರ್ಮಾನಿಸಿ, ಸೀಟಿಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಹೊರಟುಹೋದ. ಹಲ್ಲು ಕಟ್ಟಿದವನು ಇನ್ನೂ ಮಂಡಿಯೂರಿಯೇ ಇದ್ದ. ಏಳಲು ಆಗಲಿಲ್ಲ. ಅಕ್ಕ ರಟ್ಟೆಗೆ ಕೈ ಕೊಟ್ಟು ಎಬ್ಬಿಸಿದಳು.

"ಅಕ್ಕಾ, ಅದು ನನ್ನ ಹತ್ತಿರಾನೇ..."

"ಗೊತ್ತು. ಆವತ್ತು ಮಂಚದ ಕೆಳಗಿಂದ ಎದ್ದೆಯಲ್ಲ, ತೆಳ್ಳನೇ ಅಂಗಿ, ಜೇಬು ನನ್ನ ನೋಡಿ ನಗ್ತಾ ಇತ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ಜನರ ಮುಂದೆ ಹೇಗೆ ಕೇಳೋದು? ನೀನಾಗೇ ಕೊಡ್ತೀಯೇನೋ ಅಂತ ಕಾದೆ. ಕಪಾಳಕ್ಕೆ ಎರಡು ಬಾರಿಸೋಣ ಅಂತಲೂ ಅನ್ನಿಸಿತ್ತು. ಎರಡನ್ನೂ ಮಾಡದೇ ಹೊದಿಕೆ ಎಳೆದೆ." ಅವಳು ಅವನ ಮಂಡಿಯ ಧೂಳು ಕೊಡವಿದಳು. "ಇವರೂ ಅಷ್ಟೇ. ಆ ದಿನಗಳಲ್ಲಿ ನನ್ನೊಬ್ಬಳ ಮುಂದೆ ನಿನ್ನನ್ನ ಕೂತಲ್ಲಿ ನಿಂತಲ್ಲಿ ಬೈಯೋರು. ಹಲ್ಲಿಲ್ಲದ ಬಾಯಲ್ಲಿ ಬೈದ್ರೆ ಒಂದೂ ತಿಳೀತಿರಲಿಲ್ಲ. ನಾನು ಹೂಂ, ಹೂಂ ಅಂತಿದ್ದೆ."

"ಏನಂತ ಬೈದಿರಬಹುದು?"

"ಒಳ್ಳೇದೇನೂ ಇರಲಾರದು ಬಿಡು," ಎಂದು ಅವಳು ನಕ್ಕಳು. ನಗುವಾಗ ಅಂಗೈ ತಾನಾಗಿ ಬಾಯಿಗೆ ಹೋಯಿತು, ಗಂಡನ ಹಾಗೆಯೇ. ಅವಳ ಹಲ್ಲುಗಳೆಲ್ಲ ಗಟ್ಟಿಯಾಗಿದ್ದವು. ಒಂದನ್ನೂ ಅವನು ಕಟ್ಟಿದ್ದಲ್ಲ. ಅವನಿಗೆ ನೋಡಲಾಗಲಿಲ್ಲ. ಕೈ ಚಾಚಿ ಅಕ್ಕನ ಅಂಗೈಯನ್ನು ಬಾಯಿಂದ ಮೆಲ್ಲಗೆ ಇಳಿಸಿದ. ಅವಳು ಬಿಟ್ಟಳು.

ಕೊಡೆಯ ಹುಡುಗಿ ಹತ್ತಿರ ಬಂದು, "ಅಜ್ಜೀ, ತಾತ ಇದು ನಗ್ತಿದೆ ಅಂದ್ರಲ್ಲ, ಯಾಕೆ ನಗ್ತಿದೆ?" ಎಂದಳು. ಸಾಲು ಸಾಲಾಗಿರುವುದನ್ನು ಬಿಟ್ಟು ಸುತ್ತ ನೆರೆಯಿತು. ಅಕ್ಕ ಮೊದಲು ಸಂಕೋಚಪಟ್ಟಳು. ಆಮೇಲೆ ಒಮ್ಮೆ ಕೆಮ್ಮಿದಳು, ಹಿಂದಿನವರು ಬಂದು ಸೇರಿಕೊಳ್ಳಲಿ ಎಂದು. ಹುಡುಗಿಯ ಕೈಯಿಂದ ಕೊಡೆ ತೆಗೆದುಕೊಂಡು ಎತ್ತಿ ಹಿಡಿದಳು. "ಒಬ್ಬ ಮುದುಕ ಇದ್ದ. ಅವನ ಮೈದುನ ಅಂತೂ ದೊಡ್ಡ ಪೆದ್ದ..." ಎಂದು ತೊಡಗಿದಳು. ಭಾವ ಎಂದೂ ಹೇಳದ ಕಾರಣ ಅದು. ಇವತ್ತಿನದು.

ಅವನು ಗೋಡೆಯ ಬಳಿ ಹೋಗಿ ನಿಂತ. ಕೆಳಗೆ ನೀರು ಹಲ್ಲು ಬಿದ್ದ ಜಾಗದ ಗುರುತನ್ನು ಆಗಲೇ ಅಳಿಸಿಕೊಂಡು ಮುಂದೆ ಹೋಗಿತ್ತು. ಹಿಂದೆ ಅಕ್ಕನ ದನಿ ಏರುತ್ತಿತ್ತು, ಜನ ನಗುತ್ತಿದ್ದರು. ಅವನು ಕೈ ಮುಗಿದು ಕಣ್ಣು ಮುಚ್ಚಿದ. ಅದೇ ಬಾಗಿಲು, ಅದೇ ಸಾಲು, ಸಾಲಿನಲ್ಲಿ ಭಾವ. ಈ ಸಲ ಅವನು ಕಣ್ಣು ತೆರೆಯಲಿಲ್ಲ.

ಭಗವಂತಾ, ಅವರು ಏನನ್ನೂ ಬಚ್ಚಿಟ್ಟಿಲ್ಲ. ಆ ಕೈಯ ಹಿಂದೆ ಇರುವುದು ಬರಿಯ ಒಸಡು. ಆ ತಪ್ಪು ನನ್ನದು, ಅವರದಲ್ಲ. ಹಲ್ಲನ್ನು ಕಳಿಸಿದ್ದೇನೆ, ದಾರಿ ನೀರಿನದು, ತಡವಾಗಬಹುದು. ಅಷ್ಟರ ತನಕ ಅವರನ್ನು ಸಾಲಿನಲ್ಲಿ ನಿಲ್ಲಿಸಬೇಡ, ಒಳಗೆ ಕರೆದುಕೋ. ಬಹಳ ದೂರ ನಡೆದವರು, ಕೂರಲು ಜಾಗ ಕೊಡು. ನೀನು ಯಾಕೆ ನಗುತ್ತೀಯೆಂದು ಅವರು ದಿನಕ್ಕೊಂದು ಕಾರಣ ಹೇಳುತ್ತಾರೆ, ಸುಳ್ಳೆನ್ನಬೇಡ, ಕೇಳು. ನಗು ಬಂದಾಗ ನೀನೇ ಮೆಲ್ಲಗೆ ಅವರ ಕೈಯನ್ನು ಬಾಯಿಂದ ಇಳಿಸು. ಅವರ ಆತ್ಮಕ್ಕೆ ಶಾಂತಿ ಕೊಡು, ತಂದೆ. ಶಾಂತಿ ಕೊಡು.